ಅಪ್ಪನಿಗೆ ಬೆಲ್ಲ ನೀರು

ಮೊನ್ನೆ ಕುಂಬಳೆಯಿಂದ ನಾಲ್ಕೈದು ಹುಡುಗರು ಮಂಗಳೂರಿನ ನನ್ನ ಮನೆಗೆ ಬಂದಿದ್ದರು. ಒಳ್ಳೆಯ ಹುಡುಗರೇ. ಕೈಯಲ್ಲಿ ಹೊಳೆಯುವ ಬಣ್ಣದ ಆಮಂತ್ರಣ ಪತ್ರಿಕೆ ಇತ್ತು. ನನ್ನ ಸೋದರಮಾವ ದೂಮಣ್ಣನವರ ಹೆಸರಿನಲ್ಲಿ ಫುಟ್ಬಾಲ್ ಪಂದ್ಯಾಟ ಇಟ್ಟಿದ್ದಾರಂತೆ, ಗೆದ್ದವರಿಗೆ ಕಪ್ಪು ನನ್ನ ಕೈಯಿಂದಲೇ ಕೊಡಿಸಬೇಕಂತೆ. ಕನ್ನಡಕ ಹಾಕಿಕೊಂಡು ಓದಿದೆ. ಒಳಪುಟದಲ್ಲಿ ಮಾವನ ಪಟ, ಅದರ ಕೆಳಗೆ ನನ್ನ ಬಗ್ಗೆ ಒಂದು ವಾಕ್ಯ. ಎಳವೆಯಲ್ಲೇ ಅಳಿಯನ ಪ್ರತಿಭೆಯನ್ನು ಗುರುತಿಸಿ, ಅದಕ್ಕೆ ನೀರೆರೆದು, ನಾಡಿಗೆ ಒಬ್ಬ ಶ್ರೇಷ್ಠ ಆಟಗಾರನನ್ನೂ ತರಬೇತುದಾರನನ್ನೂ ಕೊಟ್ಟ ಮಹನೀಯರು ಎಂದು ಅಚ್ಚಾಗಿತ್ತು. ಕನ್ನಡಕ ತೆಗೆದಿಟ್ಟೆ. ಸಿಟ್ಟು ಬಂದಿತ್ತು.

"ಇದನ್ನು ಬರೆದದ್ದು ಯಾರು?"

"ಕಮಿಟಿಯವರು ಸರ್. ಎಂತ ಸರ್, ತಪ್ಪುಂಟಾ? ನೀವು ಅವರ ಅಳಿಯ ಅಂತ ಊರಿಗೆಲ್ಲ ಗೊತ್ತುಂಟಲ್ಲ."

ಅಳಿಯ ಹೌದು. ಅದೊಂದು ಬಿಟ್ಟು ಅದರಲ್ಲಿ ಅಚ್ಚಾದದ್ದೆಲ್ಲ ಸುಳ್ಳು. ಹುಡುಗರಿಗೆ ಚಹಾ ಕೊಟ್ಟು, ಬರುವುದಿಲ್ಲ ಎಂದು ಎದುರಿಗೇ ಹೇಳಿ ಕಳಿಸಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದರು. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ನಾನು ಮುಂಬಯಿಯ ಗಿರಣಿ ತಂಡದಲ್ಲಿ ಆಡಿದ್ದು, ಆಮೇಲೆ ತಂಡಗಳ ಮ್ಯಾನೇಜರ್ ಆಗಿ ಜಗಳವಾಡಿದ್ದು, ಎಲ್ಲ ಮುಂದಿನ ಮಾತು. ನನಗೆ ಚೆಂಡು ಕೊಟ್ಟವರು ಯಾರು, ಅದನ್ನು ಕಿತ್ತುಕೊಂಡವರು ಯಾರು ಎಂಬುದು ಮೊದಲು ದಾಖಲಾಗಲಿ.

ನಮ್ಮ ಮನೆ ಕುಂಬಳೆ ಪೇಟೆಯಿಂದ ಒಳಗೆ, ಗದ್ದೆ ಬಯಲಿನ ಬದಿಯಲ್ಲಿತ್ತು. ಎದುರಿಗೆ ಉದ್ದದ ಚಾವಡಿ, ಚಾವಡಿಯ ಒಂದು ತುದಿಗೆ ದೈವದ ಕೋಣೆ, ಇನ್ನೊಂದು ತುದಿಗೆ ಮಾವನ ಈಸಿಚೇರು. ಈ ಎರಡು ತುದಿಗಳಿಗೂ ನಾವು ಮಕ್ಕಳು ಹೆಚ್ಚುಕಡಿಮೆ ಒಂದೇ ರೀತಿ ಹೆದರುತ್ತಿದ್ದೆವು. ಒಳಗೆ ಕತ್ತಲೆಯ ನಡುಮನೆ, ಭತ್ತದ ಕಣಜ, ಅದರಾಚೆ ಹೊಗೆ ಹಿಡಿದ ಅಡುಗೆಮನೆ. ಕಣಜದ ಬೀಗದ ಕೈ ಮಾವನ ಸೊಂಟದಲ್ಲಿ. ನಮ್ಮದು ಅಳಿಯಕಟ್ಟಿನ ಮನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಾರೆ, ಯಜಮಾನಿಕೆ ಮಾತ್ರ ತಾಯಿಯ ಅಣ್ಣನದ್ದು. ಹೊರಗಿನವರು ಇದನ್ನು ಕೇಳಿ, ಓಹೋ ನಿಮ್ಮಲ್ಲಿ ಹೆಂಗಸರದ್ದೇ ರಾಜ್ಯ ಎಂದು ಹೊಗಳುತ್ತಾರೆ. ಯಾವ ರಾಜ್ಯ? ಮನೆ ನನ್ನ ಅಜ್ಜಿಯದ್ದು, ಅಜ್ಜಿಯ ನಂತರ ಅಮ್ಮನದ್ದು. ಆದರೆ ಒಂದು ಸೇರು ಅಕ್ಕಿ ಬೇಕಾದರೆ ಅಮ್ಮ ಈಸಿಚೇರಿನ ಹತ್ತಿರ ನಿಂತು, ಮಾವ ತಲೆಯೆತ್ತುವವರೆಗೆ ಕಾಯಬೇಕಾಗಿತ್ತು. ನಾನು ಅಷ್ಟು ಸಣ್ಣವನಿದ್ದಾಗಲೇ ಅದನ್ನು ನೋಡಿ ಹಲ್ಲು ಕಚ್ಚಿದ್ದೇನೆ.

ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗಿ ಇರುವುದೂ ಉಂಟು. ಅಮ್ಮ ಹೋಗಲಿಲ್ಲ, ಹೋಗಲು ಬಿಡಲಿಲ್ಲ. ಅಜ್ಜಿಗೆ ಅವಳೊಬ್ಬಳೇ ಮಗಳು, ಕುಟುಂಬ ಮುಂದುವರಿಯಬೇಕಾದರೆ ಅವಳು ಇಲ್ಲೇ ಇರಬೇಕು ಎಂದು ಮಾವ ತೀರ್ಮಾನಿಸಿದ್ದರು. ಹಾಗಾಗಿ ಅಪ್ಪನೇ ಬಂದು ಹೋಗುವವರಾದರು. ಅವರ ಮನೆ ದೂರದ ದೇಲಂಪಾಡಿಯಲ್ಲಿ, ಕಾಡಿನ ಅಂಚಿಗೆ. ಕೆಲಸ ಹೊಸಂಗಡಿಯಲ್ಲಿ, ಬಸ್ಸಿನ ಏಜೆಂಟ. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಅಪ್ಪ ವಾರವಿಡೀ ಆ ಹೊಗೆಯಲ್ಲಿ ನಿಂತು ಜನರನ್ನು ಹತ್ತಿಸಿ, ಶನಿವಾರ ಸಂಜೆ ಅದೇ ಬಸ್ಸಿನಲ್ಲಿ ಕುಂಬಳೆಗೆ ಬಂದು, ಗದ್ದೆಯ ಹುಣಿಯಲ್ಲಿ, ಆ ಕಿರಿದಾದ ಬದುವಿನ ಮೇಲೆ ನಡೆದು ಮನೆ ಸೇರುತ್ತಿದ್ದರು. ಕಿವಿಯ ಹಿಂದೆ ಯಾವಾಗಲೂ ಸ್ವಲ್ಪ ಮಸಿ ಇರುತ್ತಿತ್ತು.

ಅಂಗಳಕ್ಕೆ ಅವರ ಕಾಲು ಬಿದ್ದ ಕೂಡಲೇ ಮಾವ ಈಸಿಚೇರಿನಿಂದ ಎದ್ದು ನಿಲ್ಲುತ್ತಿದ್ದರು. ಊರಿನಲ್ಲಿ ಬೇರೆ ಯಾರಿಗೂ ಅವರು ಹಾಗೆ ಏಳುತ್ತಿರಲಿಲ್ಲ.

"ಬನ್ನಿ ಭಾವ, ಬನ್ನಿ. ಬಸ್ಸು ಹೊತ್ತಿಗೆ ಸರಿಯಾಗಿ ಬಂತಾ? ಯಾರಲ್ಲಿ, ಭಾವನಿಗೆ ಬೆಲ್ಲ ನೀರು ತನ್ನಿ!"

ಕಾಲು ತೊಳೆಯಲು ನೀರು, ಆಮೇಲೆ ಹಿತ್ತಾಳೆಯ ಚೆಂಬಿನಲ್ಲಿ ಕುಡಿಯುವ ನೀರು, ಬಟ್ಟಲಲ್ಲಿ ಒಂದು ತುಂಡು ಬೆಲ್ಲ. ಮನೆಗೆ ಬಂದ ನೆಂಟರಿಗೆ ನಮ್ಮ ಕಡೆ ಕೊಡುವ ಮರ್ಯಾದೆ ಅದು. ತರುತ್ತಿದ್ದವಳು ಅಮ್ಮ. ತನ್ನ ಗಂಡನ ಎದುರು ಚೆಂಬು ಇಟ್ಟು, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಅಪ್ಪ ಬೆಲ್ಲ ಕಚ್ಚಿ ನೀರು ಕುಡಿಯುತ್ತಿದ್ದರು. ಭಾನುವಾರ ಮಧ್ಯಾಹ್ನ ಅಪ್ಪನಿಗಾಗಿಯೇ ಕೋಳಿ ಕೊಯ್ದು ತೆಂಗಿನಕಾಯಿ ಅರೆದ ಗಸಿ, ರೊಟ್ಟಿ. ಸಾಲಿನಲ್ಲಿ ಮೊದಲ ಬಾಳೆಲೆ ಅಪ್ಪನದ್ದು, ಅವರಿಗೆ ಮಾತ್ರ ಕೆತ್ತನೆಯ ಮಣೆ. ನೋಡಿದವರು ಮಗಳ ಗಂಡನನ್ನು ಇಷ್ಟು ಚಂದ ನೋಡಿಕೊಳ್ಳುವ ಮನೆ ಇನ್ನೊಂದಿಲ್ಲ ಎನ್ನುತ್ತಿದ್ದರು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಆಮೇಲೆ ಒಂದು ಗಮನಿಸಿದೆ. ಅಪ್ಪ ನನ್ನ ವಿಷಯ ಎತ್ತಿದರೆ ಸಾಕು, ಸಂಜೀವ ಸರಿಯಾಗಿ ತಿನ್ನದೆ ಸಪೂರ ಆಗಿದ್ದಾನೆ ಎಂದೋ, ಶಾಲೆಯಲ್ಲಿ ಅವನ ಲೆಕ್ಕ ಹಿಂದೆ ಉಂಟಂತೆ ಎಂದೋ ಬಾಯಿ ತೆರೆದರೆ, ಮಾವ ಅಡುಗೆಮನೆಯ ಕಡೆ ಕೂಗುತ್ತಿದ್ದರು.

"ಭಾವನ ಎಲೆ ಖಾಲಿ ಉಂಟು. ಇನ್ನೊಂದು ಸ್ವಲ್ಪ ಗಸಿ ಬಡಿಸಿ!"

ಅಷ್ಟೇ. ಗಸಿ ಬೀಳುತ್ತಿತ್ತು, ಮಾತು ನಿಲ್ಲುತ್ತಿತ್ತು. ಬೈದರೆ ತಿರುಗಿ ಬೈಯಬಹುದು. ಕೋಳಿಯ ತುಂಡು ಬಡಿಸುವವರ ಮೇಲೆ ಜಗಳ ಮಾಡುವುದು ಹೇಗೆ? ಉಪಚಾರ ಮಾಡಿ ಮಾಡಿಯೇ ಒಬ್ಬ ಮನುಷ್ಯನ ಬಾಯಿ ಕಟ್ಟಿದ್ದರು ನನ್ನ ಸೋದರಮಾವ. ಇನ್ನೊಂದು ಸಂಗತಿ ನನ್ನನ್ನು ಈಗಲೂ ಉರಿಸುತ್ತದೆ. ಮಾವನ ಹೆಂಡತಿ ಮಕ್ಕಳು ಮಂಜೇಶ್ವರದ ಕಡೆ ಅವರ ತಾಯಿಮನೆಯಲ್ಲಿದ್ದರು. ಮಾವ ಅಲ್ಲಿಗೆ ಹೋದಾಗ ಅವರಿಗೂ ಬೆಲ್ಲ ನೀರು, ಮೊದಲ ಎಲೆ, ಬಾಯಿಗೆ ಬೀಗ. ಅದರ ರುಚಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದರು.

ಅಪ್ಪ ಮದುವೆಗೆ ಮೊದಲು ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಕಾರ್ಖಾನೆಯ ತಂಡದಲ್ಲಿ ಬರಿಗಾಲಲ್ಲಿ ಹಾಫ್‌ಬ್ಯಾಕ್ ಆಡುತ್ತಿದ್ದರು. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಕೊಡುವ, ಗೋಲು ಹೊಡೆದ ಹೆಸರು ಬಾರದ ಜಾಗ ಅದು. ಈಗಿನವರು ಮಿಡ್‌ಫೀಲ್ಡರ್ ಎನ್ನುತ್ತಾರೆ. ಒಂದು ಶನಿವಾರ ಅವರು ಬಗಲಲ್ಲಿ ಒಂದು ಚರ್ಮದ ಚೆಂಡು ಇಟ್ಟುಕೊಂಡು ಬಂದರು. ಹಳೆಯದು, ಹೊಲಿಗೆ ಬಿಟ್ಟಲ್ಲಿ ಮತ್ತೆ ಹೊಲಿಸಿದ್ದು, ಬಾಯಿಗೆ ಲೇಸು ಕಟ್ಟಿದ್ದು. ನಾನು ಅಂಗಳಕ್ಕೆ ಓಡಿದೆ. ಮಾವ ಎದ್ದು ನಿಂತರು, ಬೆಲ್ಲ ನೀರು ತರಿಸಿದರು, ನಗುತ್ತಲೇ ಹೇಳಿದರು.

"ಭಾವ, ಅದೊಂದನ್ನು ಹೊರಗೆ ಇಡುವ. ದೈವದ ಕೋಣೆ ಇರುವ ಚಾವಡಿ. ಚರ್ಮ ಒಳಗೆ ಬರಬಾರದು."

ಒಳಬಾಗಿಲ ಹತ್ತಿರ ಕೂತು ವೀಳ್ಯ ಕುಟ್ಟುತ್ತಿದ್ದ ಅಜ್ಜಿ ತಲೆಯೆತ್ತಿದಳು.

"ಚರ್ಮ ಬರಬಾರದಾ? ನೇಮದ ದಿನ ದೈವದ ಎದುರು ಬಡಿಯುವ ಚೆಂಡೆಗೆ ಎಂತ ಹೊದಿಸಿದ್ದು ಮಗಾ? ಬಾಳೆ ಎಲೆಯಾ?"

ಮಾವ ಕೇಳಿಸಿಕೊಳ್ಳಲಿಲ್ಲ. ಅಜ್ಜಿಯ ಮಾತು ಕೇಳಿಸದಿರುವ ಅಭ್ಯಾಸ ಅವರಿಗಿತ್ತು. ಚೆಂಡು ದನದ ಹಟ್ಟಿ ಸೇರಿತು, ಬೈಹುಲ್ಲಿನ ಮೇಲೆ. ಅದಕ್ಕೆ ತೆಂಗಿನೆಣ್ಣೆ ಉಜ್ಜುವುದು ನನ್ನ ದಿನದ ಕೆಲಸವಾಯಿತು. ಎಣ್ಣೆಯನ್ನು ಅಮ್ಮ ತೆಂಗಿನ ಚಿಪ್ಪಿನಲ್ಲಿ ಹಾಕಿ, ಯಾರಿಗೂ ಕಾಣದ ಹಾಗೆ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದಳು.

ಕೊಯ್ಲು ಮುಗಿದ ಗದ್ದೆಯಲ್ಲಿ ಭಾನುವಾರ ಬೆಳಿಗ್ಗೆ ಅಪ್ಪ ನನಗೆ ಆಟ ಕಲಿಸಿದರು. ಹುಲ್ಲಿನ ಬುಡಗಳು ಅಂಗಾಲಿಗೆ ಚುಚ್ಚುತ್ತಿದ್ದವು. ಚಾವಡಿಯಲ್ಲಿ ಒಂದು ವಾಕ್ಯ ಪೂರ್ತಿ ಮಾಡಲಾಗದ ಅಪ್ಪ ಗದ್ದೆಗೆ ಇಳಿದರೆ ಬೇರೆಯೇ ಮನುಷ್ಯ. ಕೂಗುತ್ತಿದ್ದರು, ಬೈಯುತ್ತಿದ್ದರು, ಮುಂಡು ಎತ್ತಿ ಕಟ್ಟಿ ಓಡುತ್ತಿದ್ದರು.

"ಚೆಂಡು ನೋಡ್ಬೇಡ ಮಾರಾಯಾ! ಅದು ಹೇಗೂ ನಿನ್ನ ಹತ್ತಿರ ಬರ್ತದೆ. ಬರುವ ಮೊದಲು ಎರಡು ಬದಿ ನೋಡು. ಯಾರು ಎಲ್ಲಿದ್ದಾರೆ ನೋಡು."

ನನ್ನ ಅಪ್ಪ ನನ್ನನ್ನು ಬೈದದ್ದು ಆ ಗದ್ದೆಯಲ್ಲಿ ಮಾತ್ರ. ಮನೆಯೊಳಗೆ ಅವರಿಗೆ ಆ ಅಧಿಕಾರ ಇರಲಿಲ್ಲ. ಅವರು ಬೈಯುತ್ತಿದ್ದಾಗ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದರೆ, ಬೇಕೆಂದೇ ಒಂದೆರಡು ಸಲ ತಪ್ಪು ಕಡೆಗೆ ಒದೆಯುತ್ತಿದ್ದೆ.

ಕುಂಬಳೆಯ ಶಾಲೆಯಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ಘಟ್ಟದ ಮೇಲಿನವರು, ಬಂದು ವರ್ಷವೂ ಆಗಿರಲಿಲ್ಲ. ಮಂಗಳೂರಿನಲ್ಲಿ ಶಾಲೆಗಳ ಪಂದ್ಯಾಟ ಇತ್ತು, ನನ್ನನ್ನು ತಂಡಕ್ಕೆ ಆರಿಸಿದ್ದರು. ಮನೆಯವರನ್ನು ಕೇಳಿಯೇ ಕರೆದುಕೊಂಡು ಹೋಗುತ್ತೇನೆಂದು ಒಂದು ಭಾನುವಾರ ನಮ್ಮ ಮನೆಗೆ ಬಂದರು. ಚಾವಡಿಯಲ್ಲಿ ಇಬ್ಬರು ಗಂಡಸರು. ಈಸಿಚೇರಿನಲ್ಲಿ ಮಾವ, ಚಾಪೆಯಲ್ಲಿ ಅಪ್ಪ. ಅಪ್ಪ ಯಾರು ಎಂದು ಕೇಳಿ ತಿಳಿದುಕೊಂಡ ಮೇಷ್ಟ್ರು, ಅವರ ಊರಿನ ಕ್ರಮದಂತೆ ಸೀದಾ ಅಪ್ಪನ ಕಡೆಗೇ ತಿರುಗಿ ಕೈಮುಗಿದರು.

"ನಿಮ್ಮ ಮಗ ಭಾಳ ಚೆನ್ನಾಗಿ ಆಡ್ತಾನೆ ಸ್ವಾಮಿ. ಬರೋ ಭಾನುವಾರ ಮಂಗಳೂರಲ್ಲಿ ಆಟ ಇದೆ. ನೀವು ಹೂಂ ಅಂದರೆ ಕರ್ಕೊಂಡು ಹೋಗ್ತೀನಿ."

ನಿಮ್ಮ ಮಗ! ಆ ಚಾವಡಿಯಲ್ಲಿ ಯಾರೂ ಅಪ್ಪನಿಗೆ ಆ ಮಾತು ಹೇಳಿದ್ದು ನಾನು ಕೇಳಿರಲಿಲ್ಲ. ಅಪ್ಪನ ಮುಖ ಕೆಂಪಾಯಿತು. ಮಾವನ ಕಡೆ ನೋಡಲಿಲ್ಲ.

"ಆಗಲಿ ಮೇಷ್ಟ್ರೇ. ಕರ್ಕೊಂಡು ಹೋಗಿ. ಅವನನ್ನು ಎಡಗಡೆ ಹಾಕಿ, ಎಡಗಾಲು ಗಟ್ಟಿ ಉಂಟು ಅವನದ್ದು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾವ ಮೇಷ್ಟ್ರನ್ನೂ ಊಟಕ್ಕೆ ಏಳಿಸಿದರು. ಕೋಳಿ ತಿನ್ನದ ಮೇಷ್ಟ್ರಿಗೆ ಬೇರೆಯೇ ಸಾರು ಮಾಡಿಸಿದರು, ತುಪ್ಪ ಹಾಕಿಸಿದರು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಮೇಷ್ಟ್ರಿಗೆ ತಿಳಿಯಲೆಂದು ಮನೆಯ ತುಳು ಬಿಟ್ಟು, ತಣ್ಣಗೆ ಕನ್ನಡದಲ್ಲಿ ಮಾತು ತೆಗೆದರು.

"ಮೇಷ್ಟ್ರೇ, ನೀವು ಹೊಸಬರು. ನಮ್ಮ ಕ್ರಮ ನಿಮಗೆ ಗೊತ್ತಿಲ್ಲ. ಹುಡುಗ ತಾಯಿಯವ, ಈ ಮನೆಯವ. ಭಾವ ನೆಂಟರು. ನೆಂಟರ ಹತ್ತಿರ ಕೇಳಿದರೆ ಅವರು ಬೇಡ ಅಂತ ಹೇಳುವುದುಂಟಾ? ಮರ್ಯಾದೆಗೆ ಆಗಲಿ ಅಂದರು. ಅದು ಹೂಂ ಅಂತ ನೀವು ತಿಳ್ಕೊಳ್ಳಬಾರದು. ಅಲ್ಲವಾ ಭಾವ?"

ಅಪ್ಪ ಎದುರಿಗೇ ಇದ್ದರು. ಬಾಯಲ್ಲಿ ಎಲೆ ಅಡಿಕೆ. ಅಲ್ಲ ಎಂದರೆ ಮೂರನೆಯವರ ಎದುರು ಜಗಳ, ಉಂಡ ಮನೆಯಲ್ಲಿ. ಅವರು ಎದ್ದು ಅಂಗಳಕ್ಕೆ ಹೋಗಿ ಉಗುಳಿ, ಕೊಡೆ ತೆಗೆದುಕೊಂಡು, ಹೊತ್ತಿಗೆ ಮೊದಲೇ ಬಸ್ಸಿಗೆ ಹೊರಟರು. ನನ್ನ ಅಪ್ಪ ತಮ್ಮ ಜೀವಮಾನದಲ್ಲಿ ಆ ಮನೆಯಲ್ಲಿ ಹೇಳಿದ ಒಂದೇ ಒಂದು ಹೂಂ ಅದು. ಅದನ್ನೂ ನೆಂಟನ ಬಾಯುಪಚಾರ ಮಾಡಿ ತೊಳೆದುಹಾಕಿದರು. ಇಷ್ಟು ವರ್ಷಗಳಲ್ಲಿ ಎಷ್ಟೋ ರೆಫರಿಗಳ ಅನ್ಯಾಯ ಕಂಡಿದ್ದೇನೆ, ಕೆಲವರ ಅಂಗಿ ಹಿಡಿಯಲೂ ಹೋಗಿದ್ದೇನೆ. ಅಂಥ ಅನ್ಯಾಯ ಇನ್ನೊಂದು ಕಂಡಿಲ್ಲ.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು, ಮಾವ ಬಿಡಲಿಲ್ಲ. ಆ ವಾರ ಒಂದು ಸಂಜೆ ಶಾಲೆಯಿಂದ ಬಂದು ಹಟ್ಟಿಗೆ ಹೋದರೆ ಬೈಹುಲ್ಲಿನ ಮೇಲೆ ಚೆಂಡಿಲ್ಲ. ಹುಡುಕುವ ಅಗತ್ಯ ಬೀಳಲಿಲ್ಲ. ಉಳುವ ಎತ್ತುಗಳ ಕೊರಳಲ್ಲಿ ಗಂಟೆ ಕಟ್ಟಿದ ಪಟ್ಟಿ ಹೊಸದಾಗಿತ್ತು. ಚಂದ ಎಣ್ಣೆ ಕುಡಿದ ಚರ್ಮ, ಒಂದರ ಅಂಚಿನಲ್ಲಿ ಲೇಸಿನ ತೂತುಗಳ ಸಾಲು. ಚಾವಡಿಗೆ ಬಾರದ ಚರ್ಮ ಎತ್ತಿನ ಕೊರಳಿಗೆ ಆಯಿತು. ನಾನು ಎತ್ತಿನ ಕೊರಳು ತಬ್ಬಿ ಅತ್ತೆ. ಅದು ಪಾಪ, ನನ್ನ ತಲೆ ನೆಕ್ಕಿತು.

ಶನಿವಾರ ಸಂಜೆ ಅಪ್ಪ ಬಂದಾಗ ಎತ್ತುಗಳು ಗದ್ದೆಯಿಂದ ಮರಳಿ ಅಂಗಳದ ಬದಿಯಲ್ಲಿ ನಿಂತಿದ್ದವು. ಅಪ್ಪ ಒಂದು ಎತ್ತಿನ ಕೊರಳ ಮೇಲೆ ಕೈಯಿಟ್ಟರು, ತೂತುಗಳನ್ನು ಬೆರಳಿನಿಂದ ಮುಟ್ಟಿದರು. ಮಾವ ಎಂದಿನಂತೆ ಎದ್ದರು.

"ಬನ್ನಿ ಭಾವ, ಬನ್ನಿ. ಬೆಲ್ಲ ನೀರು ತನ್ನಿ!"

ಅಮ್ಮ ತಂದಿಟ್ಟಳು. ಅಪ್ಪ ಚೆಂಬನ್ನೂ ಬಟ್ಟಲನ್ನೂ ದಾಟಿ, ಮನೆಯ ಬಲಬದಿಯ ಬಾವಿಕಟ್ಟೆಗೆ ಹೋದರು. ಹಗ್ಗ ಬಿಟ್ಟು ತಾವೇ ನೀರು ಸೇದಿದರು. ಕೊಡಪಾನದಿಂದ ಬೊಗಸೆಗೆ ಹೊಯ್ದುಕೊಂಡು ಕುಡಿದರು. ಮನೆಮಗಳ ಗಂಡ ಬಾವಿಯಿಂದ ನೀರು ಸೇದಿ ಕುಡಿದದ್ದರಲ್ಲಿ ಏನಿದೆ ಎಂದು ಈಗಿನವರು ಕೇಳಬಹುದು. ನಮ್ಮ ಚಾವಡಿಯಲ್ಲಿ ಅದು ಕತ್ತಿ ಹಿರಿದ ಹಾಗೆಯೇ ಆಯಿತು.

"ಎಂತ ಭಾವ ಇದು? ನೆಂಟರು ಮಾಡುವ ಕೆಲಸವಾ?"

"ಅಲ್ಲ ಭಾವ," ಎಂದರು ಅಪ್ಪ. "ಅಲ್ಲ ಅಂತಲೇ ಮಾಡಿದ್ದು. ನಾಳೆ ಹುಡುಗನನ್ನು ಮಂಗಳೂರಿಗೆ ನಾನು ಕರ್ಕೊಂಡು ಹೋಗ್ತೇನೆ."

"ಹೇಗೆ ಕರ್ಕೊಂಡು ಹೋಗ್ತೀರಿ? ಅವ ಯಾರ ಮನೆಯವ?"

ಆಗ ಅಮ್ಮ ಮಾತಾಡಿದಳು. ಅಣ್ಣನ ಎದುರು ಅಕ್ಕಿ ಕೇಳುವುದಕ್ಕಲ್ಲದೆ ಬಾಯಿ ತೆರೆಯದ ನನ್ನ ಅಮ್ಮ, ಕಂಬ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಹುಡುಗ ತಾಯಿಯವ ಅಂತ ಮೇಷ್ಟ್ರ ಎದುರು ಹೇಳಿದ್ದು ನೀವೇ ಅಲ್ಲವಾ ಅಣ್ಣ? ತಾಯಿ ನಾನು. ನಾನು ಕಳಿಸ್ತೇನೆ."

ಅಜ್ಜಿ ವೀಳ್ಯ ಕುಟ್ಟುವುದನ್ನು ನಿಲ್ಲಿಸಿ ಜೋರಾಗಿ ನಕ್ಕುಬಿಟ್ಟಳು. ಮಾವನ ಕಟ್ಟಿನಿಂದಲೇ ಮಾವನನ್ನು ಕಟ್ಟಿದ್ದಳು ಮಗಳು. ಮಾವ ಈಸಿಚೇರಿಗೆ ಮರಳಿ, ಅಡುಗೆಮನೆಯ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಇನ್ನು ಮುಂದೆ ಅವರಿಗೆ ಬೆಲ್ಲ ನೀರು ಇಡುವುದು ಬೇಡ. ಅವರು ನೆಂಟರು ಅಲ್ಲವಂತೆ."

ಮರುದಿನ ಬೆಳಿಗ್ಗೆ ಅಮ್ಮ ಕೊಟ್ಟ ಅವಲಕ್ಕಿಯ ಗಂಟು ಹಿಡಿದುಕೊಂಡು ನಾನೂ ಅಪ್ಪನೂ ಕುಂಬಳೆಯಿಂದ ರೈಲು ಹತ್ತಿದೆವು. ಮಂಗಳೂರಿನ ಮೈದಾನದಲ್ಲಿ ಮೇಷ್ಟ್ರು ನಮ್ಮನ್ನು ಕಂಡು ಓಡಿ ಬಂದು ಅಪ್ಪನ ಕೈ ಹಿಡಿದುಕೊಂಡರು. ಆ ಆಟ ನಾವು ಸೋತೆವು. ಆದರೆ ಎಡಗಡೆ ಆಡಿದ್ದು ನಾನು, ಗೆರೆಯ ಹೊರಗೆ ಕೊಡೆ ಹಿಡಿದು, ಎರಡು ಬದಿ ನೋಡು ಎಂದು ಗಂಟಲು ಕಟ್ಟುವವರೆಗೆ ಕೂಗಿದ್ದು ಅಪ್ಪ. ಮಂಗಳೂರಿನ ಒಂದು ತಂಡದ ಹಿರಿಯರೊಬ್ಬರು ನನ್ನನ್ನು ಅಂದು ನೋಡಿಟ್ಟುಕೊಂಡರು, ಮುಂದಿನ ದಾರಿ ಅಲ್ಲಿಂದ ತೆರೆಯಿತು. ಸಂಜೆ ಅಪ್ಪ ನನ್ನನ್ನು ಅಂಗಳದ ಬೇಲಿ ದಾಟುವ ತಡಮೆಯವರೆಗೆ ತಂದು ಬಿಟ್ಟು, ಒಳಗೆ ಬಾರದೆ ತಿರುಗಿ ನಡೆದರು. ಆಮೇಲೆ ಬರಲೇ ಇಲ್ಲ. ನೆಂಟನಲ್ಲದ ಗಂಡನಿಗೆ ಆ ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲ. ಅಮ್ಮ ಮನೆ ಬಿಟ್ಟು ಹೊರಡಲಿಲ್ಲ. ವರ್ಷ ಕಳೆಯುವುದರೊಳಗೆ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡುವವರು ಯಾರು? ಆ ನಂತರದ ವರ್ಷಗಳಲ್ಲಿ ನನ್ನ ಅಪ್ಪ ಅಮ್ಮ ಪರಸ್ಪರ ಕಂಡದ್ದು ಯಾರದ್ದೋ ಮದುವೆಗಳಲ್ಲಿ, ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಣ್ಣುವಾಗ. ಇದಕ್ಕೆ ಕಾರಣರಾದವರ ಹೆಸರಿನಲ್ಲಿ ಕಪ್ಪು, ಅದನ್ನು ನಾನು ಕೊಡಬೇಕು!

ನಾನು ಮ್ಯಾನೇಜರ್ ಆಗಿದ್ದಾಗ ಒರಟ ಎಂಬ ಹೆಸರು ಪಡೆದೆ. ಆಟಗಾರನನ್ನು ತಂಡದಿಂದ ಬಿಡುವಾಗ ಭುಜ ತಟ್ಟಿ, ಚಹಾ ಕುಡಿಸಿ, ಆಮೇಲೆ ಮತ್ತೊಬ್ಬರಿಂದ ಹೇಳಿಸುವ ಕ್ರಮ ಉಂಟು. ನನ್ನಿಂದ ಅದಾಗಲಿಲ್ಲ. ಕರೆದು ನಿಲ್ಲಿಸಿ, ನಿನಗೆ ಈ ಸಲ ಜಾಗ ಇಲ್ಲ, ಕಾರಣ ಇಂಥದ್ದು, ಬೈಯುವುದಿದ್ದರೆ ಬೈಯಿ ಎನ್ನುತ್ತಿದ್ದೆ. ಕೆಲವರು ಬೈದರು. ಅವರಲ್ಲಿ ಹೆಚ್ಚಿನವರು ಈಗಲೂ ಮನೆಗೆ ಬರುತ್ತಾರೆ.

ಅದಕ್ಕೆಲ್ಲ ಬಹಳ ಮೊದಲೇ ಅಪ್ಪನಿಗೆ ಎದೆಯ ಕಾಯಿಲೆ ಹಿಡಿದಿತ್ತು, ಇದ್ದಿಲ ಹೊಗೆ ಕುಡಿದದ್ದು ಸಾಲದೇ? ಕೆಲಸ ಬಿಟ್ಟು ದೇಲಂಪಾಡಿಯ ತಮ್ಮ ತಾಯಿಮನೆಗೆ ಹೋಗಿ ಮಲಗಿದರು. ಆಗ ನಾನು ಮಂಗಳೂರಿನ ತಂಡವೊಂದರಲ್ಲಿ ಆಡಲು ಶುರುಮಾಡಿದ್ದೆ. ಸುದ್ದಿ ತಿಳಿದು ಹೊರಟೆ. ಬಸ್ಸು ಇಳಿದು ಕಾಡಿನ ದಾರಿಯಲ್ಲಿ ಕೇಳಿಕೊಂಡು ಕೇಳಿಕೊಂಡು ನಡೆದೆ. ಅಪ್ಪನ ಮನೆಗೆ ನಾನು ಹೋದದ್ದು ಅದೇ ಮೊದಲು. ಅಂಗಳಕ್ಕೆ ಕಾಲಿಟ್ಟಾಗ ಜಗಲಿಯಲ್ಲಿದ್ದವನು ಎದ್ದು ನಿಂತ. ಅಪ್ಪನ ಅಕ್ಕನ ಮಗ, ನನಗಿಂತ ದೊಡ್ಡವನು, ಆ ಮನೆಯ ಮುಂದಿನ ಯಜಮಾನ. ಗುರುತು ಹೇಳಿಕೊಂಡೆ. ಅವನ ಮುಖದಲ್ಲಿ ನಿಜವಾದ ಸಂತೋಷವೇ ಇತ್ತು.

"ಬನ್ನಿ, ಬನ್ನಿ, ಕೂತುಕೊಳ್ಳಿ. ಯಾರಲ್ಲಿ, ಬೆಲ್ಲ ನೀರು ತನ್ನಿ!"

ಒಬ್ಬ ಹುಡುಗಿ ಚೆಂಬು, ಬಟ್ಟಲು ತಂದು ನನ್ನ ಎದುರು ಇಟ್ಟಳು. ನಾನು ಅದನ್ನೇ ನೋಡುತ್ತ ಕೂತೆ. ಜಗಲಿಗೆ ತಾಗಿದ ಕೋಣೆಯಿಂದ ಕೆಮ್ಮು ಕೇಳಿಸಿತು, ಅದರ ಹಿಂದೆಯೇ ಅಪ್ಪನ ಸ್ವರ. ಗದ್ದೆಯಲ್ಲಿ ಕೂಗುತ್ತಿದ್ದ ಅದೇ ಸ್ವರ, ಈಗ ಸವೆದು ಅರ್ಧವಾಗಿತ್ತು.

"ಅವನಿಗೆ ಬೆಲ್ಲ ಬೇಡ. ಅವ ನೆಂಟ ಅಲ್ಲ. ನನ್ನ ಮಗ. ಬಾವಿಯಿಂದ ಸೇದಿ ಕುಡೀಲಿ."

ನಾನು ಎದ್ದೆ. ಅಂಗಳಕ್ಕೆ ಇಳಿದು ನಿಂತೆ. ನನ್ನ ಅಪ್ಪನ ಮನೆಯ ಬಾವಿ ಯಾವ ಬದಿಗೆ ಉಂಟು ಎಂದು ನನಗೆ ಗೊತ್ತಿರಲಿಲ್ಲ. ಯಾರನ್ನೂ ಕೇಳಲಿಲ್ಲ. ಎರಡು ಬದಿ ನೋಡಿದೆ, ಹುಡುಕಿಕೊಂಡು ಹೋದೆ.